ಆ್ಯಪ್‌ನಲ್ಲಿ ಎಲ್ಲ ಹಸಿರು, ಅವ್ವನ ಮೈಯಲ್ಲಿ ಬೆವರು

ಬೆಳಿಗ್ಗೆ 5 ಗಂಟೆ 48 ನಿಮಿಷ. ನನ್ನ ಫೋನ್ ‘ಟಿಂಗ್’ ಅಂತು. ಕಣ್ಣು ಪೂರ್ತಿ ಬಿಡದೆ ನೋಡಿದೆ. 119. ಪಕ್ಕದಲ್ಲಿ ಹಸಿರು ಚುಕ್ಕಿ. ಸಿರುಗುಪ್ಪದಲ್ಲಿರುವ ಅವ್ವನ ಬೆಳಗಿನ ಶುಗರ್ ಅದು. ‘ಸದ್ಯ, ಇವತ್ತೂ ಸರಿಯಾಗಿದೆ’ ಅಂದುಕೊಂಡು ಮಗ್ಗುಲು ಬದಲಿಸಿದೆ.

ಅರ್ಧ ಗಂಟೆಯಲ್ಲಿ ಮತ್ತೆ ಫೋನ್. ಈ ಸಲ ಕರೆ. ಅವ್ವನ ಪಕ್ಕದ ಮನೆಯ ಅಕ್ಕ ಮಾತಾಡ್ತಿದ್ದರು. “ತಮ್ಮಾ, ಗಾಬರಿ ಆಗಬ್ಯಾಡ. ನಿಮ್ಮವ್ವ ಅಂಗಳದಾಗ ರಂಗೋಲಿ ಹಾಕ್ತಾ ಹಾಕ್ತಾ ಅಲ್ಲೇ ಒರಗಿಬಿಟ್ರು. ಮೈಯೆಲ್ಲ ಬೆವರು. ಮಾತಾಡಿಸಿದ್ರ ಏನೇನೋ ಅಂತಾರ. ಚಾ ಮಾಡಿ ಕುಡಿಸೀನಿ. ಸಕ್ರಿ ಹಾಕಿಲ್ಲ, ಶುಗರ್ ಐತಲ್ಲ, ಅದಕ್ಕ.”

ಬಳ್ಳಾರಿಯಿಂದ ಸಿರುಗುಪ್ಪ ಸುಮಾರು 55 ಕಿ.ಮೀ. ದೂರ. ಆ ದಿನ ಆ ದಾರಿ ಮುಗಿಯಲೇ ಇಲ್ಲ ಅನ್ನಿಸಿತು. ತೆಕ್ಕಲಕೋಟೆ ಹತ್ತಿರ ಬಂದಾಗ ಅದೇ ಅಕ್ಕನ ಫೋನ್ ಬಂತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ನರ್ಸ್ ಬೆರಳಿಗೆ ಸೂಜಿ ಚುಚ್ಚಿ ನೋಡಿದಾಗ ಶುಗರ್ 52 ಇತ್ತಂತೆ. ಗ್ಲೂಕೋಸ್ ಕೊಟ್ಟಿದ್ದಾರೆ, ಈಗ ಸರಿಯಾಗಿ ಮಾತಾಡ್ತಿದ್ದಾರೆ.

ಆಸ್ಪತ್ರೆಯಲ್ಲಿ 52, ನನ್ನ ಫೋನ್‌ನಲ್ಲಿ 119. ಎರಡರ ನಡುವೆ ಒಂದು ಗಂಟೆಯ ಅಂತರವೂ ಇಲ್ಲ. ಇದು ಹೇಗೆ ಸಾಧ್ಯ?

ಅಪ್ಪ–ಅಮ್ಮನ ಆರೋಗ್ಯವನ್ನ ದೂರದೂರಿಂದ ಫೋನ್‌ನಲ್ಲೇ ನೋಡಿಕೊಳ್ಳುತ್ತಿರುವ ನನ್ನ ವಯಸ್ಸಿನವರು ತುಂಬ ಜನ ಇದ್ದೀರಿ. ನಾನು ಮಾಡಿದ ತಪ್ಪನ್ನ ನೀವು ಮಾಡಬಾರದು ಅಂತ ಇದನ್ನ ಬರೀತಿದ್ದೀನಿ.

ಆ್ಯಪ್ ನಮ್ಮನೆಗೆ ಬಂದದ್ದು

ಅವ್ವನಿಗೆ 61 ವರ್ಷ. ಶುಗರ್ ಬಂದು ಒಂಬತ್ತು ವರ್ಷ ಆಯ್ತು. ಅಪ್ಪ ತೀರಿಕೊಂಡ ಮೇಲೆ ಬಳ್ಳಾರಿಗೆ ಬಾ ಅಂತ ಎಷ್ಟು ಕರೆದರೂ ಬರಲಿಲ್ಲ. “ಬಳ್ಳಾರಿ ಬಿಸಲು ನನಗ ಆಗಂಗಿಲ್ಲ” ಅನ್ನೋದು ನೆಪ. ಸಿರುಗುಪ್ಪದ ಬಿಸಿಲೇನು ತಂಪಾ? ಅವಳಿಗೆ ತನ್ನ ಮನೆ, ತನ್ನ ಅಂಗಳ, ತನ್ನ ನೆರೆಹೊರೆ ಬೇಕು, ಅಷ್ಟೇ.

ನನಗೆ 34. ಬಳ್ಳಾರಿಯಲ್ಲಿ ಅಕೌಂಟ್ಸ್ ಕೆಲಸ. ದಿನವಿಡೀ ಕುರ್ಚಿ, ಲೆಕ್ಕ, ಚಹಾ. ಕಳೆದ ವರ್ಷ ಆಫೀಸಿನಲ್ಲಿ ಆರೋಗ್ಯ ತಪಾಸಣೆ ಮಾಡಿಸಿದರು. ನನ್ನ ಎಚ್‌ಬಿಎ1ಸಿ 6.1 ಬಂತು. ಕಳೆದ ಎರಡು–ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ತೋರಿಸುವ ಪರೀಕ್ಷೆ ಇದು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು. 6.5 ಮುಟ್ಟಿದರೆ ಮಧುಮೇಹ. ಅಂದರೆ ನಾನು ಹೊಸ್ತಿಲ ಮೇಲೆ ನಿಂತಿದ್ದೆ.

ನಾನೊಬ್ಬನೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ, ಹೊಸ್ತಿಲ ಮೇಲಿರುವವರು 13.6 ಕೋಟಿ.

ಆಗಲೇ ಆ್ಯಪ್ ಹಾಕಿಕೊಂಡೆ. ನನ್ನ ಫೋನ್‌ಗೂ, ಅವ್ವನ ಫೋನ್‌ಗೂ. ಮಿಷನ್‌ನಲ್ಲಿ ಶುಗರ್ ನೋಡಿಕೊಳ್ಳೋದು, ಬಂದ ಸಂಖ್ಯೆಯನ್ನ ಆ್ಯಪ್‌ನಲ್ಲಿ ಒತ್ತೋದು. ಅದು ನನಗೂ ಕಾಣುತ್ತೆ. ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ದಿನಕ್ಕೆ ಎರಡು ಸಲ ‘ಗುಳಿಗೆ ತಗೊಂಡ್ರಾ?’ ಅಂತ ನೆನಪಿಸುತ್ತೆ. ಅವ್ವ ಎರಡೇ ದಿನದಲ್ಲಿ ಕಲಿತಳು. ನಾನು ಊರೆಲ್ಲ ಹೇಳಿಕೊಂಡು ಬಂದೆ, “ನಮ್ಮವ್ವ ಆ್ಯಪ್ ಬಳಸ್ತಾಳೆ” ಅಂತ.

ಮೊದಲ ಹದಿನೈದು ದಿನ ಕೆಂಪೋ ಕೆಂಪು. 212, 240, 198. ಪ್ರತಿ ಕೆಂಪಿಗೂ ನಾನು ಫೋನ್ ಮಾಡ್ತಿದ್ದೆ. “ಏನ್ ತಿಂದಿ? ಅನ್ನ ಎಷ್ಟ್ ಉಂಡಿ? ಗುಳಿಗಿ ಮರ್ತ್ಯಾ?” ಕೆಲಸದ ಒತ್ತಡದಲ್ಲಿ ದನಿ ಸ್ವಲ್ಪ ಜೋರೇ ಇರ್ತಿತ್ತು. ಆಮೇಲೆ ನಿಧಾನಕ್ಕೆ ಹಸಿರು ಬರೋಕೆ ಶುರುವಾಯ್ತು. 122, 118, 120, 117. ನಾಲ್ಕು ತಿಂಗಳು ಹಸಿರು. ನಾನು ಗೆದ್ದೆ ಅಂದುಕೊಂಡೆ.

ಮಿಷನ್ ಮರೆತಿರಲಿಲ್ಲ

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, “ರಾತ್ರಿ ಏನು ಊಟ ಮಾಡಿದ್ರಿ?”

ಅವ್ವ ಸುಮ್ಮನಿದ್ದಳು. ಹಿಂದಿನ ದಿನ ಶ್ರಾವಣ ಸೋಮವಾರ. ಒಪ್ಪತ್ತು. ಮಧ್ಯಾಹ್ನ ಒಂದು ಊಟ, ರಾತ್ರಿ ಬರೀ ನೀರು, ಒಂದು ಬಾಳೆಹಣ್ಣು.

“ಗುಳಿಗೆ?”

“ತಗೊಂಡೀನ್ರಿ. ಗುಳಿಗಿ ತಪ್ಪಸಬ್ಯಾಡ ಅಂತ ನನ್ನ ಮಗ ದಿನಾ ಹೇಳ್ತಾನ. ಫೋನೂ ಹೇಳ್ತೈತಿ.”

ನನಗೆ ನೆಲ ಕುಸಿದ ಹಾಗಾಯ್ತು. ಡಾಕ್ಟರ್ ಸಿಟ್ಟು ಮಾಡಲಿಲ್ಲ, ಬಿಡಿಸಿ ಹೇಳಿದರು. ಅವ್ವ ತಗೊಳ್ಳೋ ಗುಳಿಗೆಯಲ್ಲಿ ಗ್ಲಿಮೆಪಿರೈಡ್ ಅನ್ನೋ ಔಷಧ ಇದೆ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡುಗಡೆ ಮಾಡಿಸುತ್ತೆ. ನೀವು ಉಂಡಿದ್ದೀರೋ ಇಲ್ಲವೋ ಅಂತ ಕಾಯೋದಿಲ್ಲ. ಹೊಟ್ಟೆ ಖಾಲಿ ಇದ್ದಾಗ ಈ ಗುಳಿಗೆ ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಒಮ್ಮೆ ಸರಿಹೋದ ಮೇಲೂ ಮತ್ತೆ ಇಳಿಯಬಹುದು, ಅದಕ್ಕೇ ಸಂಜೆವರೆಗೂ ಆಸ್ಪತ್ರೆಯಲ್ಲೇ ಇರಬೇಕು ಅಂದರು. (ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳೋರಲ್ಲಿ ಹೀಗಾಗೋದು ಅಪರೂಪ. ನಿಮ್ಮ ಮನೆಯವರು ಯಾವ ಗುಳಿಗೆ ತಗೊಳ್ತಾರೆ ಅನ್ನೋದನ್ನ ಇವತ್ತೇ ನೋಡಿಕೊಳ್ಳಿ.)

ಆ್ಯಪ್ ದಿನಾ ‘ಗುಳಿಗೆ ತಗೊಂಡ್ರಾ?’ ಅಂತ ಕೇಳಿತ್ತು. ‘ಊಟ ಮಾಡಿದ್ರಾ?’ ಅಂತ ಒಂದು ದಿನವೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಧ್ಯಾಹ್ನ ಮನೆಗೆ ಹೋಗಿ ಶುಗರ್ ಮಿಷನ್ ತಂದೆ. ಬಹುತೇಕ ಗ್ಲುಕೋಮೀಟರ್‌ಗಳಲ್ಲಿ ಹಳೆಯ ಸಂಖ್ಯೆಗಳು ದಿನಾಂಕ, ಸಮಯದ ಸಮೇತ ಉಳಿದಿರುತ್ತವೆ. ಬಟನ್ ಒತ್ತಿ ಹಿಂದಕ್ಕೆ ಹೋದೆ. ಅವತ್ತು ಬೆಳಿಗ್ಗೆ 5.44ಕ್ಕೆ 61. ಆ್ಯಪ್‌ನಲ್ಲಿ 119. ಹಿಂದಿನ ವಾರ 226. ಆ್ಯಪ್‌ನಲ್ಲಿ 121. ಅದರ ಹಿಂದಿನ ಮಂಗಳವಾರ 64. ಆ್ಯಪ್‌ನಲ್ಲಿ 118. ಮಿಷನ್‌ನಲ್ಲಿ ಒಂದು ಲೋಕ, ಫೋನ್‌ನಲ್ಲಿ ಇನ್ನೊಂದು.

“ಅವ್ವಾ, 61 ಬಂದಿತ್ತು. 119 ಅಂತ ಯಾಕ ಹಾಕಿದಿ?”

“ಕೆಂಪು ಬರ್ತೈತಲ್ಲಪ್ಪ. ಕೆಂಪು ಬಂದ್ರ ನೀ ಫೋನ್ ಮಾಡ್ತಿ. ಡ್ಯೂಟಿಗೆ ಹೋಗೋ ಹೊತ್ತು, ನಿನಗ್ಯಾಕ ತ್ರಾಸು ಅಂತ...”

ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು. “ಕಡಿಮಿ ಬಂದ್ರ ಚೊಲೋ ಅಂದ್ಕೊಂಡಿದ್ದೆ. ಖರೇ ಅಂದ್ರ ಖುಷಿನೂ ಆಗಿತ್ತು. ಆದ್ರ ಅದಕ್ಕೂ ಕೆಂಪೇ ಬಂತು. ನಾ ಏನ್ ಮಾಡಿದ್ರೂ ತಪ್ಪೇ ಅನ್ನಿಸ್ತು.”

ನನಗೆ ಉತ್ತರ ಹೊಳೆಯಲಿಲ್ಲ. ಆ್ಯಪ್‌ಗೆ 240 ಕೂಡ ಕೆಂಪು, 61 ಕೂಡ ಕೆಂಪು. ಆದರೆ ಅವ್ವನಿಗೆ ಕೆಂಪು ಅಂದರೆ ಒಂದೇ ಅರ್ಥ, ಮಗ ಬೈತಾನೆ. ಆ ಅರ್ಥ ಕೊಟ್ಟವನು ನಾನು.

ಇನ್ನೊಂದು ವಿಷಯ ಹೇಳೋಕೆ ನಾಚಿಕೆ ಆಗುತ್ತೆ. ಇದಕ್ಕೆ ಮೂರು ವಾರ ಮುಂಚೆ ಅವ್ವನ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದ್ದೆ. 8.4 ಬಂದಿತ್ತು. ಆ್ಯಪ್ ಅಷ್ಟೊಂದು ಹಸಿರು ತೋರಿಸ್ತಿದೆ, ಇದು ಲ್ಯಾಬ್‌ನವರ ತಪ್ಪೇ ಇರಬೇಕು ಅಂತ ರಿಪೋರ್ಟ್ ಮಡಚಿಟ್ಟಿದ್ದೆ. 8.4 ಅಂದರೆ ಸರಾಸರಿ ಸಕ್ಕರೆ 194ರ ಆಸುಪಾಸು. ಆ್ಯಪ್ ಹೇಳ್ತಿದ್ದ ಸರಾಸರಿ 120. ಇವೆರಡೂ ಒಟ್ಟಿಗೆ ನಿಜ ಆಗೋದು ಕಷ್ಟ. ಲೆಕ್ಕಪತ್ರದ ಕೆಲಸ ಮಾಡುವ ನಾನು ಎರಡು ಲೆಕ್ಕ ತಾಳೆಯಾಗದೇ ಇದ್ದಾಗ ಯಾವುದನ್ನ ನಂಬಿದೆ ನೋಡಿ. ಹಿತವಾಗಿದ್ದನ್ನ.

ಕುರುಗೋಡಿನ ಕ್ಯಾಲೆಂಡರ್

ಮುಂದಿನ ಭಾನುವಾರ ಅವ್ವನನ್ನ ಕರೆದುಕೊಂಡು ಕುರುಗೋಡಿಗೆ ಹೋದೆ. ಅಲ್ಲಿ ನನ್ನ ಸೋದರಮಾವ ಇದ್ದಾರೆ. ದೊಡ್ಡಬಸವೇಶ್ವರನ ಗುಡಿಗೆ ಹೋಗಿ ಬರೋದು ಅವ್ವನ ಆಸೆ, ಮಾವನ ಹತ್ತಿರ ನಾಲ್ಕು ಮಾತಾಡಿದರೆ ಅವಳ ಮನಸ್ಸು ಹಗುರ ಆದೀತು ಅನ್ನೋದು ನನ್ನ ಆಸೆ.

ಮಾವ ರೈತರು. ಹನ್ನೊಂದು ವರ್ಷದಿಂದ ಶುಗರ್ ಇದೆ, ಈಗ ಇನ್ಸುಲಿನ್ ಮೇಲಿದ್ದಾರೆ. ಅವರ ಫೋನ್‌ನಲ್ಲಿ ಆ್ಯಪ್ ಇಲ್ಲ. ಗೋಡೆ ಮೇಲೆ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇದೆ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲ್ ಇದೆ. ದಿನದ ಚೌಕದಲ್ಲಿ ಶುಗರ್ ಸಂಖ್ಯೆ, ಪಕ್ಕದಲ್ಲಿ ಒಂದೆರಡು ಪದ.

‘168 – ಮದುವಿ ಊಟ’. ‘124 – ಹೊಲಕ್ಕ ನಡಕೊಂಡು ಹೋಗಿದ್ದೆ’. ‘240 – ಜಾತ್ರಿ, ಹೋಳಿಗಿ 3’. ‘197 – ನಿದ್ದಿ ಇಲ್ಲ, ಮೋಟರ್ ಸುಟ್ಟಿತ್ತು’.

ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಆ ಕ್ಯಾಲೆಂಡರ್‌ನಲ್ಲಿ ನಮ್ಮ ಆ್ಯಪ್‌ನಲ್ಲಿ ಇಲ್ಲದ್ದೊಂದು ಇತ್ತು. ‘ಯಾಕೆ’ ಅನ್ನೋದು.

“ಮಾವಾ, 240 ಬಂದಾಗ ಬ್ಯಾಸರ ಆಗಂಗಿಲ್ಲೇನು?”

“ಯಾಕ ಆಗಬೇಕೋ ಅಳಿಯ? ಹೋಳಿಗಿ ನಾನೇ ತಿಂದಿದ್ದು, ಮಿಷನ್ ಅಲ್ಲ. ಅದು ಇದ್ದದ್ದು ಹೇಳೇತಿ. ಸುಳ್ಳು ಬರದ್ರ ಡಾಕ್ಟ್ರು ಸುಳ್ಳಿಗೆ ಔಷಧ ಕೊಡ್ತಾರ, ರೋಗಕ್ಕಲ್ಲ.”

ಅವ್ವ ತಲೆ ತಗ್ಗಿಸಿದಳು. ಮಾವ ಅವಳ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ಆ ಮಾತು ಯಾರಿಗೆ ಅಂತ ನನಗೆ ಗೊತ್ತಾಯ್ತು.

ಈಗ ನಾವು ಬಳಸೋ ರೀತಿ

ಆ್ಯಪ್ ತೆಗೆದುಹಾಕಲಿಲ್ಲ. ಬಳಸೋ ರೀತಿ ಬದಲಾಯಿಸಿದೆವು. ಅವ್ವ, ನಾನು, ಡಾಕ್ಟರ್ ಮೂವರೂ ಕೂತು ಒಪ್ಪಿಕೊಂಡ ಮಾತುಗಳಿವು.

1. ಸಂಖ್ಯೆ ಜೊತೆ ಒಂದು ಮಾತು. ಆ್ಯಪ್‌ಗಳಲ್ಲಿ ಟಿಪ್ಪಣಿ ಬರೆಯೋಕೆ ಜಾಗ ಇರುತ್ತೆ, ಯಾರೂ ಬಳಸಲ್ಲ. ಅವ್ವ ಈಗ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸ್ತಾಳೆ. ‘ರೊಟ್ಟಿ 2’, ‘ಮೊಣಕಾಲು ನೋವು, ನಡೀಲಿಲ್ಲ’, ‘ತಂಗಿ ಮನಿಗೆ ಹೋಗಿದ್ದೆ’. ಡಾಕ್ಟರ್‌ಗೆ ಸಂಖ್ಯೆಗಿಂತ ಈ ಮಾತುಗಳೇ ಹೆಚ್ಚು ಕೆಲಸಕ್ಕೆ ಬಂದವು.

2. ಜೋಡಿ ಪರೀಕ್ಷೆ. ದಿನಾ ಬೆಳಿಗ್ಗೆ ಮಾತ್ರ ನೋಡಿದರೆ ಊಟದ ಕತೆ ಗೊತ್ತಾಗಲ್ಲ. ವಾರದಲ್ಲಿ ಎರಡು ದಿನ ಒಂದು ಊಟಕ್ಕೆ ಮುಂಚೆ ಒಮ್ಮೆ, ಊಟ ಶುರು ಮಾಡಿದ ಎರಡು ಗಂಟೆಗೆ ಒಮ್ಮೆ. ಸ್ಟ್ರಿಪ್ ದುಬಾರಿ, ಹಾಗಾಗಿ ಲೆಕ್ಕ ಹಾಕಿ ಬಳಸಬೇಕು. ಮಧುಮೇಹ ಇರುವ ಬಹುತೇಕ ದೊಡ್ಡವರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಅನ್ನೋದು ಸಾಮಾನ್ಯ ಗುರಿ. ವಯಸ್ಸು, ಬೇರೆ ಕಾಯಿಲೆ ನೋಡಿ ಡಾಕ್ಟರ್ ಇದನ್ನ ಬದಲಿಸ್ತಾರೆ.

3. ಕೆಂಪಿಗೆ ಎರಡು ಅರ್ಥ. ಜಾಸ್ತಿಯ ಕೆಂಪಿಗೆ ಬೈಗುಳ ಇಲ್ಲ, ಭಾನುವಾರ ಮಾತಾಡೋಣ. ಕಡಿಮೆಯ ಕೆಂಪಿಗೆ ಮಾತೇ ಬೇಡ, ಮೊದಲು ಸಕ್ಕರೆ. 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಅಷ್ಟೇ. ಸರಿಹೋದ ಮೇಲೆ ಏನಾದರೂ ತಿನ್ನಬೇಕು, ಆಮೇಲೆ ನನಗೆ ಫೋನ್. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು. ಇದನ್ನ ಪಕ್ಕದ ಮನೆ ಅಕ್ಕನಿಗೂ ಹೇಳಿಕೊಟ್ಟಿದ್ದೀನಿ. ಪಾಪ, ಅವರು ಅವತ್ತು ಸಕ್ಕರೆ ಇಲ್ಲದ ಚಹಾ ಕೊಟ್ಟಿದ್ದು ಪ್ರೀತಿಯಿಂದಲೇ. ಬೆವರು, ನಡುಕ, ಎದೆ ಹೊಡಕೊಳ್ಳೋದು, ತಡವರಿಸುವ ಮಾತು, ಸುಮ್ಮಸುಮ್ಮನೆ ಸಿಟ್ಟು ಇವೆಲ್ಲ ಸಕ್ಕರೆ ಇಳಿದಾಗ ಕಾಣೋ ಲಕ್ಷಣಗಳು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

4. ಗುಳಿಗೆಗಿಂತ ಮುಂಚೆ ಊಟದ ಪ್ರಶ್ನೆ. ಆ್ಯಪ್‌ನ ನೆನಪೋಲೆಯನ್ನ ನಾವೇ ತಿದ್ದಿದೆವು. ಈಗ ಅದು ‘ಊಟಕ್ಕೆ ಕೂತ್ರಾ? ಹಾಗಾದ್ರೆ ಗುಳಿಗೆ’ ಅನ್ನುತ್ತೆ. ಒಪ್ಪತ್ತಿನ ದಿನ ಏನು ಮಾಡಬೇಕು ಅಂತ ಡಾಕ್ಟರ್ ಬೇರೆಯೇ ಬರೆದುಕೊಟ್ಟಿದ್ದಾರೆ, ರಾತ್ರಿಯ ಗುಳಿಗೆಯನ್ನೂ ಬದಲಿಸಿದ್ದಾರೆ. ಉಪವಾಸ ಮಾಡ್ತೀನಿ ಅಂತ ಡಾಕ್ಟರ್‌ಗೆ ಹೇಳೋಕೆ ನಮ್ಮ ಹಿರಿಯರು ಹಿಂಜರೀತಾರೆ. ನೀವೇ ಕೇಳಿಸಿ. ಗುಳಿಗೆಯನ್ನ ನೀವಾಗೇ ಕಡಿಮೆ ಮಾಡೋದು, ಬಿಡೋದು ಮಾತ್ರ ಬೇಡ.

5. ಮೂರು ತಿಂಗಳಿಗೊಮ್ಮೆ ತಾಳೆ. ಆ್ಯಪ್‌ನ ಸರಾಸರಿ ಒಂದು ಕಡೆ, ಎಚ್‌ಬಿಎ1ಸಿ ಒಂದು ಕಡೆ. ಎರಡೂ ಹೊಂದಬೇಕು. ಹೊಂದದೇ ಇದ್ದರೆ ಯಾರನ್ನೂ ಬೈಯೋದಲ್ಲ, ಮಿಷನ್ ಸರಿಯಿದೆಯಾ, ಸ್ಟ್ರಿಪ್ ಅವಧಿ ಮುಗಿದಿದೆಯಾ, ಪರೀಕ್ಷೆ ಮಾಡೋ ಹೊತ್ತು ಒಂದೇ ಆಗಿಬಿಟ್ಟಿದೆಯಾ ಅಂತ ನೋಡೋದು. ರಕ್ತಹೀನತೆ ಇದ್ದರೂ ಎಚ್‌ಬಿಎ1ಸಿ ಹೆಚ್ಚು ಕಡಿಮೆ ತೋರಿಸಬಹುದು, ಅದನ್ನ ಡಾಕ್ಟರ್ ನೋಡ್ತಾರೆ.

ಒಗ್ಗರಣಿ–ಬಜ್ಜಿಯ ಲೆಕ್ಕ

ಆ್ಯಪ್‌ಗಳ ಊಟದ ಪಟ್ಟಿ ನೋಡಿದರೆ ನಗು ಬರುತ್ತೆ. ಓಟ್ಸ್ ಹತ್ತು ಥರ ಇದೆ. ಪುಂಡಿಪಲ್ಯ ಇಲ್ಲ. ನಮ್ಮ ಜೋಳದ ರೊಟ್ಟಿಯನ್ನ ಹುಡುಕಬೇಕಾದರೆ ‘ಭಾಕ್ರಿ’ ಅಂತ ಹುಡುಕಬೇಕು. ಬಳ್ಳಾರಿಯಲ್ಲಿ ಬೆಳಗಾದರೆ ಎಲ್ಲ ಗಲ್ಲಿಯಲ್ಲೂ ಘಮಘಮಿಸೋ ಒಗ್ಗರಣಿ–ಬಜ್ಜಿ ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಕ್ಯಾಲೊರಿ ಲೆಕ್ಕ ಬಿಟ್ಟೆ. ನನ್ನದೇ ಪಟ್ಟಿ ಮಾಡಿಕೊಂಡೆ.

ಒಂದು ತಟ್ಟೆ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ಬಜ್ಜಿ ತಿಂದು ಎರಡು ಗಂಟೆಗೆ ನೋಡಿದರೆ 186. ಇನ್ನೊಂದು ದಿನ ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. 138. ಅರ್ಧ ತಟ್ಟೆ ಒಗ್ಗರಣಿ ತಿಂದು ಆಫೀಸಿಗೆ ಇಪ್ಪತ್ತು ನಿಮಿಷ ನಡೆದು ಹೋದ ದಿನ 151. ಇದು ನನ್ನ ಮೈಯ ಲೆಕ್ಕ, ನಿಮ್ಮದು ಬೇರೆ ಇರುತ್ತೆ. ಆದರೆ ‘ಬಿಡು’ ಅನ್ನೋದಕ್ಕಿಂತ ‘ಅರ್ಧ ತಿಂದು ನಡಿ’ ಅನ್ನೋದನ್ನ ನನ್ನ ಕೈಲಿ ಪಾಲಿಸೋಕೆ ಆಗುತ್ತೆ.

ಸಿರುಗುಪ್ಪದ ಪ್ರಶ್ನೆ ಇನ್ನೂ ಕಷ್ಟದ್ದು. ತುಂಗಭದ್ರೆಯ ನೀರು, ಎಲ್ಲಿ ನೋಡಿದರೂ ಭತ್ತದ ಗದ್ದೆ, ರೈಸ್ ಮಿಲ್. ಅಲ್ಲಿ ಅನ್ನ ಬಿಡು ಅಂದರೆ ಊರು ಬಿಡು ಅಂದ ಹಾಗೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸಂಶೋಧಕರು 2012ರಲ್ಲಿ ಮೂರು ಅಕ್ಕಿ ತಳಿಗಳ ಗ್ಲೈಸೆಮಿಕ್ ಸೂಚ್ಯಂಕ ಅಳೆದು ಪ್ರಕಟಿಸಿದರು. ತಿಂದ ಆಹಾರ ಎಷ್ಟು ಬೇಗ ರಕ್ತದ ಸಕ್ಕರೆ ಏರಿಸುತ್ತೆ ಅನ್ನೋ ಅಳತೆ ಅದು. 70 ದಾಟಿದರೆ ಹೆಚ್ಚು ಅಂತ. ನಾವು ದಿನಾ ಉಣ್ಣೋ ಸೋನಾ ಮಸೂರಿಗೆ 72 ಬಂತು. ಅವ್ವನಿಗೆ ಈ ಸಂಖ್ಯೆ ಹೇಳಿ ಏನೂ ಉಪಯೋಗ ಆಗಲಿಲ್ಲ. ಆದರೆ ಜೋಡಿ ಪರೀಕ್ಷೆ ಉಪಯೋಗ ಆಯ್ತು. ಬರೀ ಅನ್ನ–ಸಾರು ಉಂಡ ದಿನ 231. ಒಂದು ರೊಟ್ಟಿ, ಪಲ್ಯ, ಕಾಳು ಮೊದಲು ತಿಂದು, ಕೊನೆಗೆ ಒಂದು ಸಣ್ಣ ಬಟ್ಟಲು ಅನ್ನ ಮಜ್ಜಿಗೆ ಉಂಡ ದಿನ 172. ತನ್ನ ಬೆರಳಿನ ರಕ್ತ ಹೇಳಿದ್ದನ್ನ ಅವ್ವ ನಂಬಿದಳು. “ಅನ್ನ ಬಿಡಬೇಕಾಗಿಲ್ಲ ಅಂದಂಗಾತು” ಅಂತ ಮುಖ ಅರಳಿಸಿದಳು.

ಬಿಸಿಲಿಗೆ ಮಿಷನ್ನೂ ಬಾಡುತ್ತೆ

ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಅಂದರೆ 40 ಡಿಗ್ರಿ ದಾಟೋದು ಮಾಮೂಲು. ಆದರೆ ಶುಗರ್ ಸ್ಟ್ರಿಪ್ ಡಬ್ಬಿಗಳ ಮೇಲೆ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತೆ. ಬೈಕ್ ಡಿಕ್ಕಿಯಲ್ಲಿ, ಕಾರಿನ ಮುಂದೆ, ಕಿಟಕಿ ಪಕ್ಕ ಇಟ್ಟ ಸ್ಟ್ರಿಪ್ ತಪ್ಪು ಸಂಖ್ಯೆ ತೋರಿಸಬಹುದು. ಡಬ್ಬಿಯ ಮುಚ್ಚಳ ತೆರೆದಿಟ್ಟರೂ ಹಾಗೇ. ತಪ್ಪು ಸಂಖ್ಯೆ ಹಾಕಿದರೆ ಎಂಥ ಒಳ್ಳೆಯ ಆ್ಯಪ್ ಆದರೂ ತಪ್ಪೇ ಹೇಳುತ್ತೆ.

ಇನ್ಸುಲಿನ್ ಬಗ್ಗೆ ಮಾವನಿಂದ ಕಲಿತೆ. ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರ್‌ನಲ್ಲಿ ಅಲ್ಲ, ಹೆಪ್ಪುಗಟ್ಟಿದರೆ ಕೆಟ್ಟ ಹಾಗೆ. ಬಳಸ್ತಾ ಇರೋದನ್ನ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಸುಮಾರು ನಾಲ್ಕು ವಾರ ಹೊರಗಿಡಬಹುದು, ನಿಮ್ಮ ಇನ್ಸುಲಿನ್‌ನ ಪೆಟ್ಟಿಗೆ ಮೇಲೆ ಏನಿದೆ ಓದಿಕೊಳ್ಳಿ. ಕರೆಂಟ್ ಹೋದಾಗ ಮಾವ ಒಂದು ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಇನ್ನೊಂದು ಸಣ್ಣ ಕುಡಿಕೆ ಇಟ್ಟು, ಕುಡಿಕೆಯೊಳಗೆ ಇನ್ಸುಲಿನ್ ಇಡ್ತಾರೆ. ಮೇಲೊಂದು ಒದ್ದೆ ಬಟ್ಟೆ. ನೀರು ಆವಿಯಾಗ್ತಾ ಒಳಗೆ ತಂಪು.

ಆ್ಯಪ್‌ನಿಂದ ಏನಾಗುತ್ತೆ, ಏನಾಗಲ್ಲ?

ಫೋನ್‌ನಿಂದ ಉಪಯೋಗ ಇಲ್ಲ ಅಂತ ನಾನು ಹೇಳ್ತಿಲ್ಲ. 2013ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ದಕ್ಷಿಣ ಭಾರತದ್ದೇ. ನನ್ನ ಹಾಗೆ ಹೊಸ್ತಿಲ ಮೇಲಿದ್ದ, ಕೆಲಸಕ್ಕೆ ಹೋಗುವ 537 ಗಂಡಸರು ಅದರಲ್ಲಿದ್ದರು. ಅರ್ಧ ಜನರಿಗೆ ಊಟ, ನಡಿಗೆ ಬಗ್ಗೆ ಆಗಾಗ ಎಸ್ಸೆಮ್ಮೆಸ್ ಬರುತ್ತಿತ್ತು, ಅಷ್ಟೇ. ಎರಡು ವರ್ಷದಲ್ಲಿ ಎಸ್ಸೆಮ್ಮೆಸ್ ಬಂದವರಲ್ಲಿ ಶೇ 18ರಷ್ಟು ಮಂದಿಗೆ ಮಧುಮೇಹ ಬಂತು, ಬರದವರಲ್ಲಿ ಶೇ 27ರಷ್ಟು ಮಂದಿಗೆ. ಒಂದು ಸಣ್ಣ ನೆನಪೋಲೆಗೆ ಇಷ್ಟು ಶಕ್ತಿ ಇದೆ.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಇರುವವರಿಗಾಗಿ ‘ಎಂವೆಲ್‌ಕೇರ್’ ಅನ್ನೋ ಮೊಬೈಲ್ ವ್ಯವಸ್ಥೆಯನ್ನ ನರ್ಸ್‌ಗಳ ಕೈಗೆ ಕೊಟ್ಟು ಪರೀಕ್ಷಿಸಿದರು. ಫಲಿತಾಂಶ 2019ರಲ್ಲಿ ಬಂತು. ಆ್ಯಪ್ ಇದ್ದ ಕೇಂದ್ರಗಳಲ್ಲೂ ಸುಧಾರಣೆ ಕಂಡಿತು, ಆ್ಯಪ್ ಇಲ್ಲದೆ ಆರೈಕೆಯನ್ನಷ್ಟೇ ಚುರುಕುಗೊಳಿಸಿದ್ದ ಕೇಂದ್ರಗಳಲ್ಲೂ ಕಂಡಿತು. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕುರುಗೋಡಿನ ಕ್ಯಾಲೆಂಡರ್ ನೋಡಿ ಬಂದಿದ್ದ ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಒಬ್ಬರು ಕೂತು ಕೇಳಿಸಿಕೊಂಡರೆ ಪೆನ್ಸಿಲ್ ಕೂಡ ಕೆಲಸ ಮಾಡುತ್ತೆ.

ಎಚ್ಚರ ವಹಿಸಬೇಕಾದ ವಿಷಯಗಳೂ ಇವೆ. ‘ಸೂಜಿ ಬೇಡ, ವಾಚ್ ಹಾಕಿಕೊಳ್ಳಿ, ಉಂಗುರ ಹಾಕಿಕೊಳ್ಳಿ, ಶುಗರ್ ಗೊತ್ತಾಗುತ್ತೆ’ ಅನ್ನೋ ಜಾಹೀರಾತು ನಿಮಗೂ ಬಂದಿರುತ್ತೆ. ಚರ್ಮ ಚುಚ್ಚದೆ ಸಕ್ಕರೆ ಅಳೆಯುವ ಇಂಥ ಯಾವ ವಾಚ್, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್‌ಗಳ ಮಾತು ಬೇರೆ. ಅವುಗಳಲ್ಲಿ ಚರ್ಮದೊಳಗೆ ಹೋಗುವ ತೆಳು ಎಳೆ ಇರುತ್ತೆ, ಒಂದನ್ನ 14 ದಿನದವರೆಗೂ ಬಳಸುವಂಥವು ಸಿಗುತ್ತವೆ, ಆದರೆ ಖರ್ಚು ಹೆಚ್ಚು. ಹಾಗೇ, ಆ್ಯಪ್‌ನಲ್ಲಿ ಗುಳಿಗೆ ಬದಲಿಸಿ, ಈ ಪ್ಯಾಕೇಜ್ ಕೊಳ್ಳಿ ಅಂತ ಬಂದರೆ ನಿಮ್ಮ ಡಾಕ್ಟರ್‌ನ ಕೇಳದೆ ಮುಂದುವರಿಯಬೇಡಿ.

ಶುಗರ್ ಇದೆಯೋ ಇಲ್ಲವೋ ಅಂತ ನೋಡಿಕೊಳ್ಳದವರಿಗೆ ಒಂದು ಮಾತು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಆ್ಯಪ್ ಆಮೇಲೆ, ಮೊದಲು ಅಲ್ಲಿಗೆ ಹೋಗಿ.

ಬೈಬ್ಯಾಡ

ಆರು ತಿಂಗಳಾದ ಮೇಲೆ ಅವ್ವನ ಎಚ್‌ಬಿಎ1ಸಿ 7.3. ನನ್ನದು 5.9. ದೊಡ್ಡ ಪವಾಡ ಏನಲ್ಲ. ಅವ್ವನ ಆ್ಯಪ್‌ನಲ್ಲಿ ಈಗ ಮೊದಲಿನಷ್ಟು ಹಸಿರೂ ಇಲ್ಲ. ಹಸಿರು, ಕೆಂಪು, ಹಳದಿ ಎಲ್ಲ ಕಲಸಿಕೊಂಡಿದೆ. ಆದರೆ ಆ್ಯಪ್‌ನ ಸಂಖ್ಯೆಯೂ ಮಿಷನ್‌ನ ಸಂಖ್ಯೆಯೂ ಒಂದೇ. 70ರ ಕೆಳಗೆ ಇಳಿದದ್ದು ಆಮೇಲೆ ಒಂದೇ ಸಲ. ಅವತ್ತು ಅವ್ವ ಮೊದಲು ಸಕ್ಕರೆ ನೀರು ಕುಡಿದು, ಆಮೇಲೆ ನನಗೆ ಫೋನ್ ಮಾಡಿದಳು. ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ನಾನೂ ಒಂದು ಕಲಿತೆ. ಬೆಳಿಗ್ಗೆ ಫೋನ್ ಮಾಡಿದಾಗ ಮೊದಲ ಪ್ರಶ್ನೆ ಶುಗರ್ ಬಗ್ಗೆ ಕೇಳೋದಿಲ್ಲ. “ನಿದ್ದಿ ಆತೇನವ್ವಾ?” ಅಂತ ಕೇಳ್ತೀನಿ. ಉಳಿದದ್ದು ಅವಳೇ ಹೇಳ್ತಾಳೆ.

ಇವತ್ತು ಬೆಳಿಗ್ಗೆ 5.52ಕ್ಕೆ ಫೋನ್ ಮತ್ತೆ ‘ಟಿಂಗ್’ ಅಂತು. 188. ಕೆಂಪು. ಕೆಳಗೆ ಟಿಪ್ಪಣಿ: ‘ನಿನ್ನಿ ರಾತ್ರಿ ಮದುವಿ ಊಟ. ಜಿಲೇಬಿ 1. ಸಂಜಿಗೆ ನಡೀತೀನಿ. ಬೈಬ್ಯಾಡ.’

ನಾನು ಬೈಯಲಿಲ್ಲ. “ಒಂದಾ, ಎರಡಾ?” ಅಂತ ಮಾತ್ರ ಬರೆದೆ.

ಎರಡು ನಿಮಿಷ ಬಿಟ್ಟು ಉತ್ತರ ಬಂತು. ‘ಎರಡು.’